ಪಾದದ ಮೇಲೊಂದು ಮೊಟ್ಟೆ

ಅಂಟಾರ್ಕ್ಟಿಕದ ಅಡೆಲಿ ಪೆಂಗ್ವಿನ್‌ಗಳಿಗೆ ಬೆಣಚುಕಲ್ಲೇ ಆಸ್ತಿ. ಒಂದೊಂದಾಗಿ ಕೊಕ್ಕಿನಲ್ಲಿ ಹೆಕ್ಕಿ ತಂದು ಗುಡ್ಡೆ ಮಾಡಿ, ಅದರ ನಡುವೆ ಮೊಟ್ಟೆಯಿಡುತ್ತವೆ; ಹಿಮ ಕರಗಿ ನೀರು ಹರಿದರೂ ಮೊಟ್ಟೆ ನೆನೆಯುವುದಿಲ್ಲ. ನೆರೆಮನೆಯ ಕಲ್ಲು ಕದಿಯುವುದೂ ಉಂಟು, ಅದಕ್ಕಾಗಿ ಕಾದಾಡುವುದೂ ಉಂಟು. ಅವುಗಳ ದೊಡ್ಡ ಬಂಧು ಎಂಪರರ್ ಪೆಂಗ್ವಿನ್ ಮಾತ್ರ ಒಂದು ಹರಳನ್ನೂ ಹೆಕ್ಕುವುದಿಲ್ಲ. ಅದು ಮರಿ ಮಾಡುವುದು ಹೆಚ್ಚಾಗಿ ಹೆಪ್ಪುಗಟ್ಟಿದ ಕಡಲಿನ ಮೇಲೆ, ಅದೂ ಚಳಿಗಾಲದಲ್ಲಿ.

ಅಲ್ಲಿನ ಚಳಿಗಾಲ ಶುರುವಾಗುವ ಮೇ–ಜೂನ್ ತಿಂಗಳಲ್ಲಿ ಹೆಣ್ಣು ಒಂದೇ ಮೊಟ್ಟೆಯಿಟ್ಟು, ಗಂಡಿನ ಪಾದಗಳ ಮೇಲೆ ದಾಟಿಸುತ್ತದೆ. ಇಡೀ ಬಾಣಂತನದಲ್ಲಿ ನನಗೆ ಎದೆ ನಡುಗಿಸುವ ಗಳಿಗೆ ಇದೇ. ಮೊಟ್ಟೆ ಜಾರಿ ಮಂಜಿನ ಮೇಲೆ ತುಸು ಹೊತ್ತು ಉಳಿದರೂ ಒಳಗಿನ ಜೀವ ಸೆಟೆದುಹೋಗುತ್ತದೆ. ದಾಟಿದ ಮೊಟ್ಟೆಯನ್ನು ಗಂಡು ಹೊಟ್ಟೆಯ ಕೆಳಗಿನ ಚರ್ಮದ ಮಡಿಕೆಯೊಳಗೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ಗರಿಯಿಲ್ಲ, ಬೆಚ್ಚಗಿನ ರಕ್ತ ತುಂಬಿದ ಬರೀ ಚರ್ಮವಿದೆ. ಹೆಣ್ಣು ಮೇವಿಗಾಗಿ ಕಡಲಿಗೆ ಹೊರಡುತ್ತದೆ. ಗಂಡು ಸುಮಾರು 65 ದಿನ ನಿಂತೇ ಕಾವು ಕೊಡುತ್ತದೆ.

ಗೂಡಿಲ್ಲದಿರುವುದೇ ಇಲ್ಲಿ ವರವಾಗುತ್ತದೆ. ಕಾಯಬೇಕಾದ ಜಾಗವಿಲ್ಲ, ಆದ್ದರಿಂದ ಜಗಳವಿಲ್ಲ. ಮೊಟ್ಟೆಯನ್ನು ಹೊತ್ತುಕೊಂಡೇ ಹೆಜ್ಜೆಯಿಡಬಹುದು. ಹೀಗಾಗಿ ಗಂಡುಗಳೆಲ್ಲ ಮೈಗೆ ಮೈ ಒತ್ತಿ ನಿಲ್ಲುತ್ತವೆ. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಗುಂಪಿನಲ್ಲಿ ಅಲೆಯೊಂದು ಹಾಯುತ್ತದೆ. ಪ್ರತಿ ಹಕ್ಕಿಯೂ ಐದು–ಹತ್ತು ಸೆಂಟಿಮೀಟರ್ ಸರಿಯುತ್ತದೆ. ಹೊರಗೆ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಇದ್ದರೂ ಗುಂಪಿನ ನಡುವೆ ನಮ್ಮ ಮೈಯಷ್ಟೇ ಬಿಸಿ ಏರುವುದುಂಟು.

ಮರಿ ಒಡೆದು ಬರುವ ಹೊತ್ತಿಗೆ ತಂದೆಯ ಉಪವಾಸಕ್ಕೆ ನಾಲ್ಕು ತಿಂಗಳಾಗುತ್ತಾ ಬಂದಿರುತ್ತದೆ; ಅದು ಶುರುವಾದದ್ದು ಮೊಟ್ಟೆಗೂ ಮುಂಚೆ, ಜೋಡಿಗಾಗಿ ಇಲ್ಲಿಗೆ ಬಂದಾಗಲೇ. ತಾಯಿ ಇನ್ನೂ ಮರಳದಿದ್ದರೆ, ಆ ಬತ್ತಿದ ದೇಹವೇ ಅನ್ನನಾಳದಲ್ಲಿ ಹಾಲಿನಂಥ ಆಹಾರ ಒಸರಿ ಕೆಲವು ದಿನ ಮರಿಯನ್ನು ಸಾಕುತ್ತದೆ. ಮರಳಿದ ತಾಯಿ ಸಾವಿರಾರು ಹಕ್ಕಿಗಳ ನಡುವೆ ಸಂಗಾತಿಯನ್ನು ಕೂಗಿನಿಂದಲೇ ಗುರುತಿಸುತ್ತದೆ.

ಚಳಿಗಾಲವೇ ಏಕೆ? ಮರಿ ಬೆಳೆಯಲು ಸುಮಾರು ಐದು ತಿಂಗಳು ಬೇಕು. ಡಿಸೆಂಬರ್–ಜನವರಿಯಲ್ಲಿ ಮಂಜು ಒಡೆದು ಕಡಲು ಹತ್ತಿರವಾಗುವಾಗ ಅದು ಈಜಲು ಸಿದ್ಧವಾಗಿರಬೇಕು. ಅಲ್ಲಿಯವರೆಗೆ ಅದರ ಮೈಮೇಲಿರುವುದು ನೀರು ತಡೆಯದ ಬೂದು ತುಪ್ಪಳ. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದ ಮಂಜು ಬೇಗನೆ ಒಡೆಯಿತು. ಅಲ್ಲಿನ ಐದು ಪೆಂಗ್ವಿನ್ ವಸಾಹತುಗಳನ್ನು ವಿಜ್ಞಾನಿಗಳು ಉಪಗ್ರಹ ಚಿತ್ರಗಳಲ್ಲಿ ಗಮನಿಸುತ್ತಿದ್ದರು, ಬಿಳಿ ಮಂಜಿನ ಮೇಲಿನ ಹಿಕ್ಕೆಯ ಕಂದು ಕಲೆಗಳಿಂದ ಗುರುತು ಹಿಡಿದು. ನಾಲ್ಕು ಕಡೆ, ಮರಿಗಳಿಗೆ ಈಜುವ ಗರಿ ಮೂಡುವ ಮೊದಲೇ ಆ ಕಲೆಗಳ ಜಾಗದಲ್ಲಿ ನೀರು ಕಂಡಿತು.