ಮ್ಯೂನಿಕ್ ಸುರಂಗದ ಎರಡು ನಿಮಿಷ

ಹಳಿ ಮುಗಿಯುವ ನಿಲ್ದಾಣಕ್ಕೆ ಬಂದ ರೈಲು ವಾಪಸು ಹೊರಡಬೇಕಾದರೆ ಚಾಲಕರು ಇಳಿದು, ಸುಮಾರು 200 ಮೀಟರ್ ಉದ್ದದ ಗಾಡಿಯ ಪಕ್ಕದಲ್ಲಿ ನಡೆದು, ಇನ್ನೊಂದು ತುದಿಯ ಕೋಣೆಯನ್ನು ಸೇರಬೇಕು. ಅಷ್ಟು ಹೊತ್ತೂ ಆ ಪ್ಲಾಟ್‌ಫಾರ್ಮ್ ಬೇರೆ ರೈಲಿಗೆ ಸಿಗುವುದಿಲ್ಲ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಪಶ್ಚಿಮದಿಂದ ಬರುವ ಹಳಿಗಳು ಹೀಗೆ ಹೌಪ್ಟ್‌ಬಾನ್‌ಹೋಫ್ ಎಂಬ ಮುಖ್ಯ ನಿಲ್ದಾಣದಲ್ಲಿ ಮುಗಿಯುತ್ತಿದ್ದವು. ಪೂರ್ವದ ನಿಲ್ದಾಣವಾದ ಓಸ್ಟ್‌ಬಾನ್‌ಹೋಫ್‌ಗೂ ಅದಕ್ಕೂ ನಡುವೆ ಹಳೆಯ ಪೇಟೆಯೂ ಇಸಾರ್ ನದಿಯೂ ಇದ್ದವು. ಒಲಿಂಪಿಕ್ ಕ್ರೀಡಾಕೂಟಕ್ಕೆ ಕೆಲವೇ ತಿಂಗಳು ಮೊದಲು, 1972ರ ಏಪ್ರಿಲ್‌ನಲ್ಲಿ, ಸುಮಾರು 4 ಕಿಲೋಮೀಟರ್ ಉದ್ದದ ಸುರಂಗವು ಈ ಎರಡೂ ದಿಕ್ಕುಗಳನ್ನು ಬೆಸೆಯಿತು.

ಜರ್ಮನ್ನರು ಇದನ್ನು ‘ಶ್ಟಾಮ್‌ಶ್ಟ್ರೆಕೆ’, ಅಂದರೆ ಕಾಂಡದ ಮಾರ್ಗ, ಎನ್ನುತ್ತಾರೆ. ಎರಡೂ ಕಡೆ ಕವಲೊಡೆಯುವ ಉಪನಗರ ಮಾರ್ಗಗಳಲ್ಲಿ ಹೆಚ್ಚಿನವು ಈ ಒಂದೇ ಜೋಡಿ ಹಳಿಯ ಮೂಲಕ ಹಾಯುವುದರಿಂದ ಆ ಹೆಸರು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ದಟ್ಟಣೆಯ ವೇಳೆಯಲ್ಲಿ ಒಂದೊಂದು ದಿಕ್ಕಿಗೆ ಗಂಟೆಗೆ 30 ರೈಲುಗಳವರೆಗೆ ಓಡುತ್ತವೆ. ಅಂದರೆ ಎರಡು ನಿಮಿಷಕ್ಕೊಂದು ರೈಲು.

ಈ ಎರಡು ನಿಮಿಷದಲ್ಲಿ ರೈಲಿನ ವೇಗಕ್ಕಿಂತ ಬಾಗಿಲ ಬಳಿಯ ಜನರ ಚಲನೆಯೇ ನಿರ್ಣಾಯಕ ಎಂಬುದು ನನಗೆ ಈ ಮಾರ್ಗದ ಅತ್ಯಂತ ಸ್ವಾರಸ್ಯದ ಸಂಗತಿ. ಕಾರ್ಲ್ಸ್‌ಪ್ಲಾಟ್ಸ್ ನಿಲ್ದಾಣದಲ್ಲಿ ಪ್ರತಿ ಹಳಿಯ ಎರಡೂ ಬದಿಗೆ ಪ್ಲಾಟ್‌ಫಾರ್ಮ್ ಇದ್ದು, ಹೊರಬದಿಯದು ಇಳಿಯುವವರಿಗೆ, ನಡುವಿನದು ಹತ್ತುವವರಿಗೆ ಮೀಸಲು. ಇಳಿಯುವವರೂ ಹತ್ತುವವರೂ ಒಂದೇ ಬಾಗಿಲಲ್ಲಿ ಎದುರುಬದುರಾಗಿ ತಳ್ಳಾಡುವುದು ಇದರಿಂದ ತಪ್ಪುತ್ತದೆ. ಉಳಿಯುವುದು ಕೆಲವೇ ಸೆಕೆಂಡು ನಿಜ, ಆದರೆ ವೇಳಾಪಟ್ಟಿಯಲ್ಲಿ ಬಿಡುವೇ ಇಲ್ಲದಾಗ ಪ್ರತಿ ರೈಲೂ 15 ಸೆಕೆಂಡು ಹೆಚ್ಚು ನಿಂತರೆ ಹತ್ತನೆಯ ರೈಲು ಎರಡೂವರೆ ನಿಮಿಷ ಹಿಂದೆ ಬಿದ್ದಿರುತ್ತದೆ.

ಕಾಂಡಕ್ಕೆ ಪೆಟ್ಟಾದರೆ ಕೊಂಬೆಗಳೆಲ್ಲ ಬಾಡುವಂತೆ, ಸುರಂಗದಲ್ಲಿ ಒಂದು ಸಿಗ್ನಲ್ ಕೆಟ್ಟರೂ ಹತ್ತಾರು ಮೈಲಿ ದೂರದ ಹಳ್ಳಿಯ ನಿಲ್ದಾಣದಲ್ಲಿ ಜನ ಕಾಯಬೇಕಾಗುತ್ತದೆ. ಆದ್ದರಿಂದಲೇ 2017ರಲ್ಲಿ ಎರಡನೆಯ ಕಾಂಡದ ಕೆಲಸ ಶುರುವಾಯಿತು. ಸುಮಾರು 7 ಕಿಲೋಮೀಟರ್ ಸುರಂಗವಿರುವ ಈ ಮಾರ್ಗ ಈಗಿರುವ ಮೆಟ್ರೊ ಸುರಂಗಗಳ ಕೆಳಗೆ ನುಸುಳಬೇಕಾಗಿರುವುದರಿಂದ ಅದರ ನಗರಮಧ್ಯದ ನಿಲ್ದಾಣಗಳು ನೆಲದಿಂದ ಸುಮಾರು 40 ಮೀಟರ್ ಆಳಕ್ಕಿಳಿಯುತ್ತವೆ. ರೈಲಿನಲ್ಲಿ ಉಳಿಸಿದ ನಿಮಿಷಗಳಲ್ಲಿ ಒಂದೆರಡನ್ನು ಪ್ರಯಾಣಿಕರು ಅಲ್ಲಿಂದ ಮೇಲೇರುವ ಎಸ್ಕಲೇಟರ್‌ನಲ್ಲಿ ಕಳೆಯಬೇಕಾದೀತು.