ರುಬಿಡಿಯಂ ಹಗಲಿಗೊಂದು, ರಾತ್ರಿಗೊಂದು ಲೆಕ್ಕ ತೋರಿಸುವುದೇಕೆ?

ಪ್ರಶ್ನೆ: ಕಲಬುರಗಿಯಲ್ಲಿದ್ದೇನೆ. ಹಳೆಯ ಟೆಲಿಕಾಂ ಉಪಕರಣದಿಂದ ಬಿಚ್ಚಿದ ಎಲ್‌ಪಿಆರ್‌ಒ-101 ಎಂಬ ರುಬಿಡಿಯಂ ಆಂದೋಲಕ (ಪರಮಾಣುವಿನ ಕಂಪನದ ಆಧಾರದಲ್ಲಿ ನಿಖರ ಸಂಕೇತ ಕೊಡುವ ಸಾಧನ) ನನ್ನ ಬಳಿ ಇದೆ. ಲಾಕ್ ಆಗುತ್ತದೆ, ಅಂದರೆ ಅದರ ಸಂಕೇತ ಪರಮಾಣುವಿನ ಕಂಪನಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಆದರೆ ಅದು ಕೊಡುವ 10 ಮೆಗಾಹರ್ಟ್ಸ್ ಸಂಕೇತವನ್ನು ಜಿಪಿಎಸ್ ಸಮಯಕ್ಕೆ ಹೋಲಿಸಿದರೆ ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ವಾಲುತ್ತದೆ. ಕಂಪನಾಂಕ ಸರಿಪಡಿಸುವ ಟ್ರಿಮ್ಮರ್ ಎಷ್ಟು ತಿರುಗಿಸಿದರೂ ನಿಲ್ಲುತ್ತಿಲ್ಲ.

ಉತ್ತರ: ಸದ್ಯ ಟ್ರಿಮ್ಮರ್ ಮುಟ್ಟಬೇಡಿ. ದೋಷ ಇರುವುದು ತಳದ ತಟ್ಟೆಯ ಬಿಸಿಯಲ್ಲಿ.

ರುಬಿಡಿಯಂ-87 ಪರಮಾಣುವಿನ ಕಂಪನ ಸೆಕೆಂಡಿಗೆ ಸುಮಾರು 683 ಕೋಟಿ; ಅದು ನಿಸರ್ಗ ಕೊಟ್ಟ ಸಂಖ್ಯೆ. ಆದರೆ ರುಬಿಡಿಯಂ ಆವಿ ಇರುವ ಗಾಜಿನ ಕೋಶದೊಳಗೆ ಬೆರೆಸಿದ ಬಫರ್ ಅನಿಲವೂ ಆ ಕೋಶದ ಮೇಲೆ ಬೀಳುವ ರುಬಿಡಿಯಂ ದೀಪದ ಬೆಳಕೂ ಆ ಸಂಖ್ಯೆಯನ್ನು ಚೂರು ಜರುಗಿಸುತ್ತವೆ. ಉಷ್ಣತೆ ಬದಲಾದರೆ ಈ ಜರುಗುವಿಕೆಯೂ ಬದಲಾಗುತ್ತದೆ. ಒಳಗೆ ಹೀಟರ್‌ಗಳಿದ್ದರೂ ಹೊರಗಿನ ಏರಿಳಿತ ಪೂರ್ತಿ ತಡೆಯಲಾಗದು.

ಲೆಕ್ಕ ನೋಡಿ. ಬಿಸಿಯಾದ ಮೇಲೆ ಇದು 24 ವೋಲ್ಟ್‌ನಲ್ಲಿ ಸುಮಾರು ಅರ್ಧ ಆಂಪಿಯರ್, ಅಂದರೆ 12 ವ್ಯಾಟ್ ಎಳೆಯುತ್ತದೆ. ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು) ವ್ಯಾಟ್‌ಗೆ 2 ಡಿಗ್ರಿ ಏರುವಂಥದ್ದಾದರೆ ತಳ ಕೋಣೆಗಿಂತ 24 ಡಿಗ್ರಿ ಹೆಚ್ಚು. ನಮ್ಮ ಮೇ ತಿಂಗಳ 43 ಡಿಗ್ರಿ ಸೇರಿಸಿದರೆ 67! ದೀಪದ ಆಯುಸ್ಸು ಸವೆಯುವುದೂ ಇಲ್ಲೇ. ವ್ಯಾಟ್‌ಗೆ 1 ಡಿಗ್ರಿಗಿಂತ ಕಡಿಮೆಯ ಹೀಟ್‌ಸಿಂಕ್ ಹಾಕಿ. ನಡುವೆ 10 ಮಿಲಿಮೀಟರ್ ಅಲ್ಯೂಮಿನಿಯಂ ಫಲಕ, ತೆಳುವಾಗಿ ಥರ್ಮಲ್ ಪೇಸ್ಟ್ ಇರಲಿ. ತಳಕ್ಕೆ ಉಷ್ಣತೆ ಅಳೆಯುವ ಥರ್ಮಿಸ್ಟರ್ ಅಂಟಿಸಿ, ಫ್ಯಾನ್ ವೇಗ ನಿಯಂತ್ರಿಸಿ 55 ಡಿಗ್ರಿಯಲ್ಲಿ ಹಿಡಿದಿಡಿ. ಫ್ಯಾನ್ ಆನ್-ಆಫ್ ಆಗುವ ಬಗೆಯದು ಬೇಡ, ಬಿಸಿಯಲ್ಲಿ ಹೊಸ ಅಲೆ ಎಬ್ಬಿಸುತ್ತದೆ. ಅದರ ಮೋಟರನ್ನೂ ಟ್ರಾನ್ಸ್‌ಫಾರ್ಮರನ್ನೂ ಒಂದು ಅಡಿ ದೂರವಿಡಿ. ಕಾಂತಕ್ಷೇತ್ರವೂ ಕಂಪನಾಂಕ ಕದಲಿಸುತ್ತದೆ. ಚಳಿಗಾಲದಲ್ಲಿ ಫ್ಯಾನ್ ನಿಂತರೂ ತಳ 55 ಮುಟ್ಟದಿದ್ದರೆ ಗುರಿಯನ್ನೇ ಇಳಿಸಿ.

ಕರೆಂಟ್ ಹೋಗಿ ಬಂದಾಗಲೂ ತೊಂದರೆ. ಆರಿ ಹೊತ್ತಿದ ರುಬಿಡಿಯಂ ಮೊದಲಿದ್ದ ಜಾಗಕ್ಕೆ ಕರಾರುವಾಕ್ಕಾಗಿ ಮರಳದು. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಎರಡನ್ನು ಸರಣಿಯಲ್ಲಿ ಕೂಡಿಸಿ. ಚಾರ್ಜ್ ಆಗುವಾಗಿನ 27.6 ವೋಲ್ಟ್ ಕೂಡ ಇದರ 32 ವೋಲ್ಟ್ ಮಿತಿಯೊಳಗೇ ಇದೆ. ಶುರುವಿನಲ್ಲಿ 1.7 ಆಂಪಿಯರ್‌ವರೆಗೆ ಎಳೆಯುವುದರಿಂದ ಸಪ್ಲೈ 3 ಆಂಪಿಯರ್‌ನದಿರಲಿ.

ಇಷ್ಟಾದ ಮೇಲೆ ಒಂದು ದಿನ ಹಾಗೇ ಓಡಲು ಬಿಟ್ಟು, ನಂತರ ಅಳೆಯಿರಿ. 10 ಮೆಗಾಹರ್ಟ್ಸ್ ಅನ್ನು ಒಂದು ಕೋಟಿಯಿಂದ ಭಾಗಿಸಿ, ಬರುವ ಸೆಕೆಂಡ್ ಪಲ್ಸ್ ಅನ್ನು ಜಿಪಿಎಸ್ ರಿಸೀವರ್ ಕೊಡುವ ಸೆಕೆಂಡ್ ಪಲ್ಸ್‌ಗೆ ಟೈಮ್ ಇಂಟರ್ವಲ್ ಕೌಂಟರ್‌ನಲ್ಲಿ (ಎರಡು ಪಲ್ಸ್‌ಗಳ ನಡುವಿನ ಸಮಯ ಅಳೆಯುವ ಉಪಕರಣ) ಹೋಲಿಸಿ. ಹತ್ತು ಸಾವಿರ ಕೋಟಿಗೆ ಒಂದರಷ್ಟು ತಪ್ಪಿದ್ದರೆ 1000 ಸೆಕೆಂಡಿಗೆ ಆಗುವ ವ್ಯತ್ಯಾಸ ಬರೀ 10 ನ್ಯಾನೋಸೆಕೆಂಡ್, ಜಿಪಿಎಸ್ ಪಲ್ಸ್‌ನ ನಡುಕದಲ್ಲೇ ಮುಳುಗಿಹೋಗುತ್ತದೆ. ಪೂರ್ತಿ 24 ಗಂಟೆ ಕಾದರೆ ಅದೇ ತಪ್ಪು 864 ನ್ಯಾನೋಸೆಕೆಂಡ್ ಆಗಿ ಕಣ್ಣಿಗೆ ಬೀಳುತ್ತದೆ. ಟ್ರಿಮ್ಮರ್ ಮುಟ್ಟುವುದು ಆಗ: ಕೂದಲೆಳೆಯಷ್ಟು ತಿರುಗಿಸಿ, ಮತ್ತೆ 24 ಗಂಟೆ ಕಾಯಿರಿ.