ತೂತು ಸಣ್ಣದು, ಒಳಗಿನ ಹೊಲಿಗೆ ಸಣ್ಣದಲ್ಲ

ಲ್ಯಾಪ್ರೋಸ್ಕೋಪಿಲಿ, ಅಂದ್ರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಕ್ಯಾಮೆರಾ ಬಿಟ್ಟು ಮಾಡೋ ಆಪರೇಷನ್‌ನಲ್ಲಿ, ಗರ್ಭಕೋಶ ತೆಗೆಸ್ಕೊಂಡೋರನ್ನ ಮೊದಲನೇ ಚೆಕಪ್‌ಗೆ ಕರ್ಕೊಂಡು ಬಂದಾಗ ಮನೆಯವ್ರು ಹೊಟ್ಟೆ ನೋಡಿ ಹೇಳೋ ಮಾತು ಹೆಚ್ಚುಕಮ್ಮಿ ಒಂದೇ, "ಇಷ್ಟೇ ಇಷ್ಟು ತೂತಾ ಮೇಡಂ". ಮುಂದಿನ ಪ್ರಶ್ನೆನೂ ನಂಗೆ ಗೊತ್ತಿರತ್ತೆ: ಹಂಗಾದ್ರೆ ನಾಳೆಯಿಂದ ಕೆಲ್ಸ ಮಾಡ್ಬಹುದಲ್ವಾ? ಮಂಡ್ಯ ಕಡೆ ಕೆಲ್ಸ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ, ಹಸು ಮೈ ತೊಳಿಯೋದು, ಹಾಲು ಕರೆದು ಡೈರಿಗೆ ಹಾಕೋದು, ಹುಲ್ಲು ಹೊರೆ ತಲೆ ಮೇಲೆ ಹೊತ್ಕೊಂಡು ಬರೋದು, ರಾತ್ರಿ ಹತ್ತು ಜನಕ್ಕೆ ಮುದ್ದೆ ತಿರುವೋದು.

ಹೊರಗೆ ಕಾಣೋದು ಮೂರೋ ನಾಲ್ಕೋ ತೂತು, ಒಂದೊಂದು ಅರ್ಧದಿಂದ ಒಂದು ಸೆಂಟಿಮೀಟರು, ವಾರ ಹತ್ತು ದಿನದಲ್ಲಿ ಒಣಗೋಗತ್ತೆ. ಆದ್ರೆ ಗರ್ಭಕೋಶ ಸಾಮಾನ್ಯವಾಗಿ ಆ ತೂತಿಂದ ಆಚೆ ಬರಲ್ಲ. ಒಳಗಡೆ ಸುತ್ತ ಬಿಡಿಸ್ಕೊಂಡು ಬಂದು, ಗರ್ಭಕೋಶದ ಬಾಯಿ ಯೋನಿಗೆ ಸೇರೋ ಜಾಗದಲ್ಲಿ ದುಂಡಗೆ ಕತ್ತರಿಸಿ ಕೆಳಗಿಂದ ತೆಗಿತೀವಿ, ಆಮೇಲೆ ಯೋನಿಯ ಮೇಲ್ತುದಿನ ಹೊಲಿದು ಮುಚ್ತೀವಿ. ನಾವು ಅದನ್ನ ವಜೈನಲ್ ಕಫ್ ಅಂತೀವಿ. ಇಡೀ ಆಪರೇಷನ್‌ನಲ್ಲಿ ಕಾಯ್ಕೋಬೇಕಾದ ಗಾಯ ಅಂದ್ರೆ ಅದೇ, ಅದು ಯಾರ ಕಣ್ಣಿಗೂ ಬೀಳಲ್ಲ. ಹೊಟ್ಟೆ ಕುಯ್ದು ಪೂರ್ತಿ ಗರ್ಭಕೋಶ ತೆಗೆದ್ರೂ ಅದೇ ಗಾಯ ಇರತ್ತೆ. ಇನ್ನೂ ಹೇಳ್ಬೇಕು ಅಂದ್ರೆ ಕಫ್ ಹೊಲಿಗೆ ಬಿಟ್ಕೊಳ್ಳೋದು ಹೊಟ್ಟೆ ಕುಯ್ದೋರಿಗಿಂತ ಲ್ಯಾಪ್ರೋಸ್ಕೋಪಿ ಆದೋರಲ್ಲೇ ಸ್ವಲ್ಪ ಜಾಸ್ತಿ, ಕರೆಂಟಲ್ಲಿ ಕತ್ತರಿಸಿದಾಗ ಅಂಚು ಸ್ವಲ್ಪ ಸುಟ್ಟಿರತ್ತೆ, ಕೂಡ್ಕೊಳ್ಳೋದು ನಿಧಾನ ಆಗ್ಬಹುದು ಅನ್ನೋದು ಅದಕ್ಕೆ ಹೇಳೋ ಒಂದು ಕಾರಣ. ನೋವಿಲ್ಲ ಅಂತ ಬೇಗ ಎದ್ದು ಮನೆಕೆಲ್ಸಕ್ಕೆ ನಿಂತ್ಬಿಡೋದು ಇನ್ನೊಂದು ಅಂತ ನನ್ ಲೆಕ್ಕ. ಹೆದ್ರಬೇಡಿ, ಒಟ್ನಲ್ಲಿ ಇದು ಅಪರೂಪ, ನೂರಕ್ಕೆ ಒಬ್ಬರ ಆಸುಪಾಸು.

ಹೊಲಿಗೆ ದಾರದ ವಿಷ್ಯ ಸ್ವಲ್ಪ ಕೇಳಿ, ಆರು ವಾರ ಎಂಟು ವಾರ ಹುಷಾರಾಗಿರಿ ಅಂತ ನಾವು ಯಾಕೆ ಬಡ್ಕೋತೀವಿ ಅಂತ ಗೊತ್ತಾಗತ್ತೆ. ಒಳಗೆ ಹಾಕೋದು ತಾನೇ ಕರಗೋ ದಾರ. ನಮ್ಮಲ್ಲಿ ತುಂಬಾ ಬಳಸೋ ವಿಕ್ರಿಲ್ ದಾರ ಎರಡನೇ ವಾರಕ್ಕೆ ಮುಕ್ಕಾಲು ಭಾಗ ಗಟ್ಟಿ ಇರತ್ತೆ, ಮೂರನೇ ವಾರಕ್ಕೆ ಅರ್ಧ, ನಾಲ್ಕನೇ ವಾರಕ್ಕೆ ಕಾಲು ಭಾಗ, ಪೂರ್ತಿ ಕರಗೋಕೆ 56ರಿಂದ 70 ದಿನ. ಮನೆಗೆ ಮೋಲ್ಡ್ ಹಾಕಿದ್ಮೇಲೆ ಸೆಂಟ್ರಿಂಗ್ ಇರತ್ತಲ್ಲ, ದಾರದ ಕೆಲ್ಸ ಅಷ್ಟೇ, ಸೆಂಟ್ರಿಂಗ್ ಬಿಚ್ಚೋ ಹೊತ್ಗೆ ಮೋಲ್ಡ್ ಗಟ್ಟಿಯಾಗಿರ್ಬೇಕು. ಈಗ ನೋಡಿ, ದಾರ ಸಡ್ಲ ಆಗೋ ಆ ಮೂರನೇ ನಾಲ್ಕನೇ ವಾರದಲ್ಲೇ ಹೆಂಗಸ್ರಿಗೆ ಮೈ ಹಗುರ ಆಗೋದು, ನೋವಿನ ಮಾತ್ರೆ ನಿಂತಿರತ್ತೆ, ನೋಡ್ಕೊಳ್ಳೋಕೆ ಬಂದಿದ್ದ ಅಮ್ಮನೋ ಅಕ್ಕನೋ ಊರಿಗೆ ವಾಪಸ್ ಹೋಗಿರ್ತಾರೆ. ಬ್ಲೀಡಿಂಗ್ ಅಂತ ಓಡಿ ಬರೋರನ್ನ ನಾನು ಜಾಸ್ತಿ ನೋಡೋದು ಈ ಟೈಮಲ್ಲೇ.

ಪಾಂಡವಪುರ ಕಡೆಯ ಒಬ್ರು ಹಿಂಗೇ ಬಂದಿದ್ರು, ಏನಮ್ಮ ಎತ್ತಿದ್ರಿ ಅಂದ್ರೆ ಏನೂ ಎತ್ತಿಲ್ಲ ಅಂತ ಆಣೆ ಹಾಕಿದ್ರು. ಪಕ್ಕದಲ್ಲಿದ್ದ ಅತ್ತೆ, "ಅಯ್ಯೋ ಏನೂ ಇಲ್ಲ ಕಣ್ ಮೇಡಮ್ಮೋರೆ, ಡೈರಿಗೆ ಹಾಲು ಹಾಕಕ್ಕೋಗವ್ಳೆ ಅಷ್ಟೇಯ" ಅಂದ್ರು. ಹತ್ತು ಲೀಟರ್ ಕ್ಯಾನು, ಎಕ್ಸೆಲ್ ಗಾಡಿ ಹಿಂದೆ ಕೂತು ತೊಡೆ ಮೇಲೆ ಇಟ್ಕೊಂಡು, ಆ ರೋಡಲ್ಲಿ! ಅವರ ಲೆಕ್ಕದಲ್ಲಿ ಅದು ಭಾರನೇ ಅಲ್ಲ, ದಿನಾ ಮಾಡೋದು. ಪರೀಕ್ಷೆ ಮಾಡಿದೆ, ಕಫ್ ಕೂಡ್ಕೊಂಡಿತ್ತು, ಅಂಚಲ್ಲಿ ಸ್ವಲ್ಪ ರಕ್ತ ಒಸರ್ತಿತ್ತು ಅಷ್ಟೇ, ರೆಸ್ಟ್ ಮಾಡಿ ಸರಿ ಹೋಯ್ತು. ಆವತ್ತಿಂದ ನಾನು ಭಾರ ಎತ್ಬೇಡಿ ಅಂತ ಬರಿ ಮಾತಲ್ಲಿ ಹೇಳೋದು ಬಿಟ್ಟಿದೀನಿ, ಸಾಮಾನು ಹೆಸರು ಹಿಡ್ದೇ ಹೇಳ್ತೀನಿ. ಆರು ವಾರ ನಾಲ್ಕೈದು ಕೇಜಿ ಮೇಲೆ ಏನೂ ಬೇಡ. ತುಂಬಿದ ಬಕೆಟ್ ಬೇಡ, ಹಾಲಿನ ಕ್ಯಾನ್ ಬೇಡ, ಸೊಸೈಟಿ ಅಕ್ಕಿ ಮೂಟೆ ಬೇಡ, ಎರಡು ವರ್ಷದ ಮಗು ಅಳ್ತಿದ್ರೂ ನೀವು ಕೂತ್ಕೊಳ್ಳಿ, ಮಗುನೇ ತೊಡೆ ಮೇಲೆ ಹತ್ಲಿ. ಗ್ಯಾಸ್ ಸಿಲಿಂಡರಂತೂ ಕೇಳ್ಲೇಬೇಡಿ, ತುಂಬಿದ್ದು ಮೂವತ್ತು ಕೇಜಿ ಹತ್ರ ಬರತ್ತೆ. ಮುದ್ದೆ ಕೋಲು ಹಿಡಿಯೋದೂ ಅಷ್ಟೇ, ಕೈಯಲ್ಲಿ ತಿರುವಿದ್ರೂ ಬಲ ಬೀಳೋದು ಹೊಟ್ಟೆ ಮೇಲೆ, ಮನೆಲಿ ಗಂಡಸರು ಇದಾರಲ್ಲ ತಿರುವ್ಲಿ.

ಇದನ್ನ ಕೇಳ್ಕೊಂಡು ಕೆಲವ್ರು ಪೂರ್ತಿ ಉಲ್ಟಾ ಮಾಡ್ತಾರೆ, ಬಾಣಂತನ ಮಾಡ್ಬಿಡ್ತಾರೆ. ಕತ್ಲೆ ರೂಮು, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿಯಾಗಿ ಸೀರೆ ಸುತ್ತಿ, ನೀರು ಕುಡಿದ್ರೆ ಹೊಟ್ಟೆ ಬರತ್ತೆ ಅಂತ ದಿನಕ್ಕೆ ಎರಡು ಲೋಟ. ದಯವಿಟ್ಟು ಬೇಡ. ಆಪರೇಷನ್ ಆದ್ಮೇಲೆ ಮಲಗೇ ಇದ್ರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ನೀರು ಕಮ್ಮಿಯಾದ್ರೆ ಇನ್ನೂ ಕಷ್ಟ. ಅದಕ್ಕೇ ಆಪರೇಷನ್ ದಿನ ಸಾಯಂಕಾಲನೋ ಮಾರನೇ ಬೆಳಿಗ್ಗೆನೋ ಎಬ್ಬಿಸಿ ನಡೆಸ್ತೀವಿ. ಮನೇಲೂ ಅಂಗಳದಲ್ಲಿ ಐದೈದು ನಿಮಿಷ ಓಡಾಡಿ, ದಿನಾ ಸ್ವಲ್ಪ ಜಾಸ್ತಿ ಮಾಡಿ, ಮೆಟ್ಲು ನಿಧಾನಕ್ಕೆ ಹತ್ತಬಹುದು. ಮಧ್ಯಾಹ್ನ ಇದ್ದಕ್ಕಿದ್ದಂಗೆ ಸುಸ್ತು ಬಡಿಯತ್ತೆ, ಎರಡು ಮೂರು ವಾರ ಹಂಗೇ ಇರತ್ತೆ, ಆವಾಗ ಮಲಗಿ. ಸ್ನಾನ ಮಾಡ್ಬಹುದು, ತಲೆಗೂ ಹಾಕ್ಕೋಬಹುದು, ಗಾಯ ಉಜ್ಬೇಡಿ, ಒತ್ತಿ ಒರೆಸ್ಕೊಳ್ಳಿ. ಹರಕೆ ಇದೆ ಅಂತ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೇಲಿ ಮುಳುಗೋದು ಮಾತ್ರ ಎರಡು ತಿಂಗಳು ಮುಂದಕ್ಕೆ ಹಾಕಿ.

ಮೊದಲ ಎರಡು ಮೂರು ದಿನ ಹೊಟ್ಟೆಗಿಂತ ಭುಜ ನೋಯ್ತಿದೆ ಅಂತ ಗಾಬರಿಯಾಗ್ತಾರೆ, ಹಾರ್ಟ್ ಅಟ್ಯಾಕಾ ಅಂತ ರಾತ್ರಿ ಫೋನ್ ಬರತ್ತೆ. ಆಪರೇಷನ್‌ಗೆ ಜಾಗ ಮಾಡ್ಕೊಳ್ಳೋಕೆ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬ್ತೀವಿ, ಉಳಿದಿದ್ದು ಮೇಲೆ ಹೋಗಿ ಎದೆ ಹೊಟ್ಟೆ ನಡುವಿನ ವಪೆಗೆ ಕಿರಿಕಿರಿ ಮಾಡತ್ತೆ, ಆ ವಪೆಯ ನರ ಹೊರಡೋದು ಕುತ್ತಿಗೆಯಿಂದ, ಅದಕ್ಕೆ ನೋವು ಭುಜದಲ್ಲಿ ಕಾಣತ್ತೆ. ಓಡಾಡಿದ್ರೆ ಹೋಗತ್ತೆ. ಉಸಿರೇ ಕಟ್ಟೋ ಥರ ಆದ್ರೆ ಅದು ಬೇರೆ, ಕಾಯಬೇಡಿ.

ಊಟದ ವಿಷ್ಯದಲ್ಲಿ ನಂಜು ಅನ್ನೋದು ದೊಡ್ಡ ತಲೆನೋವು. ಬದನೆಕಾಯಿ ನಂಜು, ಮೊಸರು ಕೀವು, ಬಾಳೆಹಣ್ಣು ಶೀತ, ಕೊನೆಗೆ ಬರಿ ಬ್ರೆಡ್ಡು ಕಾಫಿ. ಗಾಯ ಕೂಡ್ಕೊಳ್ಳೋಕೆ ಪ್ರೋಟೀನ್ ಬೇಕು ರೀ. ಮೊಸರನ್ನ ತಿನ್ನಿ, ಮೊಟ್ಟೆ ತಿನ್ನಿ, ಮುದ್ದೆ ಜೊತೆ ಬಸ್ಸಾರು ಉಪ್ಸಾರು ಸೊಪ್ಪು ಕಾಳು ಎಲ್ಲ ತಿನ್ನಿ. ಮಲಬದ್ಧತೆಯಂತೂ ಆಗ್ಲೇಬಾರ್ದು, ಟಾಯ್ಲೆಟ್‌ನಲ್ಲಿ ತಿಣುಕಿದ್ರೆ ಒತ್ತಡ ನೇರ ಆ ಹೊಲಿಗೆ ಮೇಲೆ. ವರ್ಷಗಟ್ಲೆ ಬ್ಲೀಡಿಂಗ್ ಆಗಿ ರಕ್ತ ಕಮ್ಮಿಯಾಗಿರೋದ್ರಿಂದ ಸುಮಾರು ಜನಕ್ಕೆ ಐರನ್ ಮಾತ್ರೆ ಕೊಟ್ಟಿರ್ತೀವಿ, ಅದು ಮಲ ಗಟ್ಟಿ ಮಾಡತ್ತೆ, ಕಪ್ಪಗೂ ಆಗತ್ತೆ, ಮಾತ್ರೆ ನಿಲ್ಲಿಸ್ಬೇಡಿ, ಮಲ ಸಡ್ಲ ಮಾಡೋ ಸಿರಪ್ ಕೇಳಿ ತಗೊಳ್ಳಿ. ಇಂಡಿಯನ್ ಟಾಯ್ಲೆಟ್ಟಲ್ಲಿ ಕೂರಬಹುದಾ ಅಂತಾರೆ, ಕೂತ್ರೆ ಏನೂ ಆಗಲ್ಲ, ತಿಣುಕಬಾರ್ದು ಅಷ್ಟೇ.

ಗಂಡಂದಿರು ಕೇಳಲ್ಲ, ಹೆಂಡ್ತಿ ನಾಚ್ಕೊಂಡು ಹೇಳಲ್ಲ, ಅದಕ್ಕೆ ನಾನೇ ಡಿಸ್ಚಾರ್ಜ್ ದಿನ ಗಂಡನ್ನ ಕರ್ದು ಹೇಳೋದು: ಎರಡು ತಿಂಗಳು ಸೇರೋ ಹಾಗಿಲ್ಲ, ನಾನು ಒಳಗೆ ಪರೀಕ್ಷೆ ಮಾಡಿ ಸರಿ ಅಂದ್ಮೇಲೇನೇ. ಕಫ್ ಬಿಟ್ಕೊಳ್ಳೋಕೆ ಇದು ದೊಡ್ಡ ಕಾರಣಗಳಲ್ಲಿ ಒಂದು.

ಸ್ವಲ್ಪ ಕಂದು ಬಣ್ಣದ ಸ್ರಾವ, ಮೂರನೇ ವಾರದ ಹೊತ್ಗೆ ದಾರದ ತುಂಡು ಬಂದು ಒಂದೆರಡು ಹನಿ ರಕ್ತ, ಇದೆಲ್ಲ ಆಗತ್ತೆ. ಒಂದು ಗಂಟೇಲಿ ಪ್ಯಾಡ್ ತೊಯ್ದು ಹೋದ್ರೆ, 100.4 ಡಿಗ್ರಿ ದಾಟಿ ಜ್ವರ ಬಂದ್ರೆ, ಕೆಟ್ಟ ವಾಸನೆ ಬಂದ್ರೆ, ನೋವು ಕಮ್ಮಿಯಾಗೋ ಬದ್ಲು ಏರ್ತಾ ಹೋಗಿ ವಾಂತಿ ಆದ್ರೆ, ಒಂದೇ ಮೀನಖಂಡ ಊದಿ ನೋಯ್ತಿದ್ರೆ ಬೆಳಿಗ್ಗೆ ನೋಡೋಣ ಅನ್ಬೇಡಿ, 108ಕ್ಕೆ ಫೋನ್ ಮಾಡಿ. ಇನ್ನೊಂದನ್ನ ಜನ ಬಿಳಿ ಸೆರಗು ಅಂದ್ಕೊಂಡು ಸುಮ್ನಿರ್ತಾರೆ, ವಾರ ಎರಡು ವಾರ ಆದ್ಮೇಲೆ ಯೋನಿಯಿಂದ ನೀರು ನೀರಾಗಿ ಸೋರ್ತಾ ಸೀರೆ ಒದ್ದೆ ಆಗೋದು. ಅದು ಮೂತ್ರ ಇರ್ಬಹುದು, ಮೂತ್ರನಾಳಕ್ಕೋ ಚೀಲಕ್ಕೋ ಆದ ಪೆಟ್ಟು ಕೆಲವೊಮ್ಮೆ ಹಿಂಗೆ ತಡವಾಗಿ ಕಾಣ್ಸತ್ತೆ, ತಕ್ಷಣ ಬನ್ನಿ. ದಬಕ್ಕಂತ ನೀರು ಬಂದು ಕೆಳಗೆ ಏನೋ ಇಳಿದಂಗೆ ಆದ್ರೆ ಒಳಗೆ ತಳ್ಬೇಡಿ, ಮಲಗಿ, ಶುದ್ಧವಾದ ಒದ್ದೆ ಬಟ್ಟೆ ಮುಚ್ಕೊಂಡು ಆಸ್ಪತ್ರೆಗೆ ಹೊರಡಿ.

ಡಿಸ್ಚಾರ್ಜ್ ಚೀಟಿಲಿ ಏನು ಬರ್ದಿದಾರೆ ನೋಡ್ಕೊಳ್ಳಿ. ಬಿಎಸ್‌ಒ ಅಂತ ಇದ್ರೆ ಎರಡೂ ಅಂಡಾಶಯ ತೆಗ್ದಿದಾರೆ ಅಂತ, ಮುಟ್ಟು ನಿಲ್ಲೋ ವಯಸ್ಸಿಗೆ ಮುಂಚೆನೇ ತೆಗ್ದಿದ್ರೆ ಮೈ ಬಿಸಿ, ಬೆವರು, ನಿದ್ದೆ ಬರದಿರೋದು ಕೆಲವೇ ದಿನದಲ್ಲಿ ಶುರುವಾಗ್ಬಹುದು, 45ರ ಒಳಗಿನವ್ರು ಹಾರ್ಮೋನ್ ಮಾತ್ರೆ ಬೇಕಾ ಅಂತ ಡಾಕ್ಟರನ್ನ ಕೇಳ್ಲೇಬೇಕು. ಬಿಎಸ್ ಅಂತ ಮಾತ್ರ ಇದ್ರೆ ಅಂಡಾಶಯದಿಂದ ಗರ್ಭಕೋಶಕ್ಕೆ ಬರೋ ಎರಡೂ ನಾಳ ತೆಗ್ದು ಅಂಡಾಶಯ ಬಿಟ್ಟಿದಾರೆ. ಮತ್ತೆ ಬಯಾಪ್ಸಿ ರಿಪೋರ್ಟು. ಗರ್ಭಕೋಶ ಲ್ಯಾಬ್‌ಗೆ ಹೋಗಿರತ್ತೆ, ರಿಪೋರ್ಟ್ ಬರೋಕೆ ವಾರ ಹತ್ತು ದಿನ ಆಗತ್ತೆ, ಆರಾಮಾಗಿದೀನಲ್ಲ ಅಂತ ಎಷ್ಟೋ ಜನ ಅದನ್ನ ಇಸ್ಕೊಳ್ಳೋಕೇ ಬರಲ್ಲ. ಮುಂದೆ ಪ್ಯಾಪ್ ಟೆಸ್ಟ್ (ಗರ್ಭಕೋಶದ ಬಾಯಿ ಕ್ಯಾನ್ಸರ್ ಪತ್ತೆಗೆ ಮಾಡೋ ಪರೀಕ್ಷೆ) ಮಾಡಿಸ್ತಾ ಇರ್ಬೇಕಾ ಬೇಡ್ವಾ ಅನ್ನೋದನ್ನೂ ಆ ರಿಪೋರ್ಟ್ ನೋಡೇ ಹೇಳೋದು, ಅದಕ್ಕೆ ಇಸ್ಕೊಂಡು, ತೋರಿಸಿ, ಒಂದು ಜೆರಾಕ್ಸ್ ಮನೇಲಿ ಇಟ್ಕೊಳ್ಳಿ.